ಅಗ್ಗದ ಕಂಬಿಯೂ ಚಿಕ್ಕಮ್ಮನ ಮದುವೆಯೂ

ಮೊನ್ನೆ ಅಂಗಡಿಯ ಅಟ್ಟ ಗುಡಿಸುತ್ತಿದ್ದಾಗ ಹಳೆಯ ಗೋಣಿಚೀಲವೊಂದರಿಂದ ಎರಡು ಕಂಬಿಗಳು ಜಾರಿ ಬಿದ್ದು, ಠಣಠಣ ಎಂದು ಉರುಳುತ್ತ ಹೋಗಿ ಗಲ್ಲಾಪೆಟ್ಟಿಗೆಯ ಹತ್ತಿರ ನಿಂತವು. ಅಲ್ಲಿ ಕೂತಿದ್ದ ನನ್ನ ಹೆಂಡತಿ ಗಿರಿಜಾ ಅವನ್ನು ಎತ್ತಿ ಹಿಡಿದು, "ಇವು ಯಾವ ಪೈಪಿನ ತುಂಡು ರೀ? ಗುಜರಿಗೆ ಹಾಕ್ಲಾ?" ಅಂದಳು. ಅವು ಏನೆಂದು ಅವಳಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೇ ಕೇಳಿದಳು. ಆಗಾಗ ನನ್ನನ್ನು ಹೀಗೆ ಕೆಣಕದಿದ್ದರೆ ಅವಳಿಗೆ ಉಂಡ ಅನ್ನ ಅರಗುವುದಿಲ್ಲ.

ನಾನು ಏಣಿ ಇಳಿದು ಬಂದು ಕಂಬಿಗಳನ್ನು ಕಸಿದುಕೊಂಡು ಪಂಚೆಯ ಅಂಚಿನಿಂದ ಒರೆಸಿದೆ. ಅಟ್ಟದ ಕೆಲಸ ಅವತ್ತಿಗೆ ಅಲ್ಲಿಗೇ ನಿಂತಿತು.

ನನ್ನನ್ನು ನೀವು ನೋಡಿರದಿದ್ದರೂ ನನ್ನಂಥವರನ್ನು ನೋಡಿರುತ್ತೀರಿ. ಶಿಕಾರಿಪುರದಲ್ಲಿ ಪೈಪು, ನಲ್ಲಿ, ನೀರೆತ್ತುವ ಮೋಟರು ಮಾರುವವನು ನಾನು. ಅಪ್ಪ ಇಟ್ಟ ಅಂಗಡಿ. ಬರುವ ಗಿರಾಕಿಗಳಲ್ಲಿ ಅರ್ಧ ಜನ ಎರಡು ಬೆರಳು ಅಗಲಿಸಿ, "ಇಷ್ಟು ದಪ್ಪದ್ದು ಕೊಡ್ರಿ" ಅನ್ನುತ್ತಾರೆ. ನಾನು ಕನ್ನಡಕ ಮೂಗಿನ ತುದಿಗೆ ಇಳಿಸಿ, "ಅಳತೆ ತಂದೀರೇನ್ರಿ? ಅಳತೆ ಇಲ್ದೆ ಪೈಪು ತಗೊಳ್ಳೋಕೆ ಬರಬಾರ್ದು" ಎಂದು ಪಾಠ ಹೇಳಿ ಕಳಿಸುತ್ತೇನೆ. ಈ ಪಾಠ ಹೇಳುವ ಸುಖವೊಂದಿಲ್ಲದಿದ್ದರೆ ಅಂಗಡಿಯನ್ನು ಎಂದೋ ಮುಚ್ಚಿಬಿಡುತ್ತಿದ್ದೆ.

ನಲವತ್ತು ದಾಟಿದ ಮೇಲೆ ಕೆಲವರಿಗೆ ಭಕ್ತಿ ಬರುತ್ತದೆ, ಕೆಲವರಿಗೆ ಸಕ್ಕರೆ ಕಾಯಿಲೆ ಬರುತ್ತದೆ. ನನಗೆ ವಿಡಿಯೋ ಹುಚ್ಚು ಬಂತು. ಸೋಪಿನ ಡಬ್ಬಿಯಷ್ಟು ದೊಡ್ಡ ಕ್ಯಾಮೆರಾ ಒಂದನ್ನು ಕೊಂಡೆ. ಅಂಜನಾಪುರದ ಕೆರೆ ಕೋಡಿ ಬಿದ್ದದ್ದು, ಬಳ್ಳಿಗಾವಿಯ ಗುಡಿಯ ಮೇಲೆ ಗಿಳಿ ಕೂತದ್ದು, ಪಕ್ಕದ ಮನೆಯ ಎಮ್ಮೆ ಕರು ಹಾಕಿದ್ದು, ಯಾವುದನ್ನೂ ಬಿಡಲಿಲ್ಲ. ಒಂದೇ ಒಂದು ತೊಂದರೆ. ನನ್ನ ಕೈ ನಡುಗುತ್ತದೆ.

ಕಾಯಿಲೆಯೇನಲ್ಲ, ಡಾಕ್ಟರು ನೋಡಿ ಹೇಳಿದ್ದಾರೆ. ಹುಟ್ಟಿನಿಂದ ಬಂದದ್ದು. ನಾನು ಹುಡುಗನಾಗಿದ್ದಾಗ ನಮ್ಮ ಕೇರಿಗೆ ಮೊದಲು ಟಿ.ವಿ. ತಂದವರು ಅಪ್ಪ. ಪೈಪು ನಮ್ಮದೇ ಆದ್ದರಿಂದ ನಮ್ಮ ಆಂಟೆನಾ ಇಡೀ ಊರಿಗೆ ಎತ್ತರವಾಗಿತ್ತು. ಎತ್ತರ ಹೆಚ್ಚಾದಷ್ಟೂ ಗಾಳಿಗೆ ಅದು ಅತ್ತಿತ್ತ ತಿರುಗುತ್ತಿತ್ತು. ಅದನ್ನು ಹಿಡಿದುಕೊಂಡು ಹೆಂಚಿನ ಮಾಡಿನ ಮೇಲೆ ಕೂರುವ ಕೆಲಸ ನನ್ನದು. ಕೆಳಗೆ ನಮ್ಮ ಪಡಸಾಲೆಯಲ್ಲಿ ಕೇರಿಯೆಲ್ಲ ನೆರೆದು ಧಾರಾವಾಹಿ ನೋಡುತ್ತಿತ್ತು. "ಬಂತಾ?" ಎಂದು ನಾನು ಮೇಲಿಂದ ಕೂಗುತ್ತಿದ್ದೆ. "ಬಂತು ಬಂತು! ಅಯ್ಯೋ, ಹೋತು! ಅಲುಗಾಡಬ್ಯಾಡಲೇ!" ಎಂದು ಕೆಳಗಿನಿಂದ ಕೂಗು ಬರುತ್ತಿತ್ತು. ನಾನು ಅಲುಗಾಡುತ್ತಿರಲಿಲ್ಲ, ಕೈ ಅಲುಗಾಡುತ್ತಿತ್ತು. ಆ ಕಾಲದ ಒಂದು ಧಾರಾವಾಹಿಯನ್ನೂ ನಾನು ಕಣ್ಣಿಂದ ನೋಡಿಲ್ಲ. ಎಲ್ಲವನ್ನೂ ಹೆಂಚಿನ ಸಂದಿಯಿಂದ ಕೇಳಿದ್ದೇನೆ. ಯಾರು ಯಾರನ್ನು ಮದುವೆಯಾದರು ಎಂಬುದು ನನಗೆ ಈಗಲೂ ಸ್ಪಷ್ಟವಿಲ್ಲ.

ಅದೇ ಕೈಯಲ್ಲಿ ಕ್ಯಾಮೆರಾ ಹಿಡಿದರೆ ಏನಾಗಬೇಕೋ ಅದೇ ಆಯಿತು. ನೆಂಟರೊಬ್ಬರ ಗೃಹಪ್ರವೇಶ ಚಿತ್ರಿಸಿ ತೋರಿಸಿದಾಗ, ನೋಡುತ್ತಿದ್ದ ಅಜ್ಜಿಯೊಬ್ಬರು ನಿಂಬೆಹಣ್ಣು ಕೇಳಿದರು. ಮನೆಯ ಯಜಮಾನರು ಬಹಳ ಹೊತ್ತು ಪರದೆಯನ್ನೇ ನೋಡಿ, "ಅಲ್ರೀ, ಅವತ್ತು ಭೂಕಂಪ ಆಗಿತ್ತೇನ್ರಿ?" ಎಂದು ಗಾಬರಿಯಿಂದ ಕೇಳಿ, ಹೊಸ ಗೋಡೆಗಳನ್ನು ತಟ್ಟಿ ನೋಡಲು ಎದ್ದು ಹೋದರು.

ಹೀಗಿರುವಾಗ ಸೊರಬದಿಂದ ನೀಲಮ್ಮ ಚಿಕ್ಕಮ್ಮನ ಫೋನು ಬಂತು.

ನೀಲಮ್ಮ ನನ್ನ ಅಮ್ಮನ ಕೊನೆಯ ತಂಗಿ. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡು ಸೊರಬದಲ್ಲೇ ಬದುಕು ಕಟ್ಟಿಕೊಂಡವಳು. ಬೇಸಿಗೆ ರಜೆಗೆ ಹೋದರೆ ನನಗೊಂದು ಚಡ್ಡಿ ಹೊಲಿದು ಕೊಡುತ್ತಿದ್ದಳು. "ಬೆಳೀತೀಯಲ್ಲ, ಇರ್ಲಿ" ಎಂದು ಎಷ್ಟು ಸಡಿಲ ಬಿಡುತ್ತಿದ್ದಳೆಂದರೆ, ಅದನ್ನು ಹಾಕಿಕೊಂಡು ಓಡುವಾಗ ನಾನು ಮುಂದೆ, ಚಡ್ಡಿ ಸ್ವಲ್ಪ ಹಿಂದೆ ಬರುತ್ತಿತ್ತು. ಶಿಕಾರಿಪುರಕ್ಕೂ ಸೊರಬಕ್ಕೂ ದೂರ ಬಹಳವಿಲ್ಲ. ಆದರೆ ನಾವು 'ಏನು' ಅನ್ನುವ ಕಡೆ ಅವರು 'ಎಂತ' ಅನ್ನುತ್ತಾರೆ. ಆ ಮಾತು ಕೇಳಿದರೇ ನನಗೆ ರಜೆ ಶುರುವಾದ ಹಾಗೆ ಅನಿಸುತ್ತಿತ್ತು.

ಈ ಚಿಕ್ಕಮ್ಮ ಐವತ್ತೈದು ದಾಟಿದ ಮೇಲೆ ಮದುವೆಯಾಗಲು ಹೊರಟಿದ್ದಳು. ಗಂಡು ಪರಮೇಶ್ವರಪ್ಪನವರು, ಅಂಜನಾಪುರದವರು, ಹೆಂಡತಿಯನ್ನು ಕಳೆದುಕೊಂಡವರು. ಸೊರಬದ ಶಾಲೆಯೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿದ್ದಾಗ ಚಿಕ್ಕಮ್ಮನ ಹತ್ತಿರ ಪ್ಯಾಂಟು ಹೊಲಿಸುತ್ತಿದ್ದರು. ನಿವೃತ್ತರಾಗಿ ಊರಿಗೆ ಹೋದ ಮೇಲೂ, ನಡುವೆ ಶಿಕಾರಿಪುರದಲ್ಲಿ ಅಷ್ಟೊಂದು ದರ್ಜಿಗಳಿದ್ದರೂ, ಪ್ಯಾಂಟು ಗಿಡ್ಡ ಮಾಡಿಸಲು ಬಸ್ಸು ಹತ್ತಿ ಸೊರಬಕ್ಕೇ ಬರುತ್ತಿದ್ದರು. ಅವರ ಮನಸ್ಸಿನಲ್ಲೇನಿದೆ ಎಂದು ಚಿಕ್ಕಮ್ಮನಿಗೆ ಅರ್ಥವಾಗುವ ಹೊತ್ತಿಗೆ ಪ್ಯಾಂಟುಗಳೆಲ್ಲ ಮೀನಖಂಡದ ತನಕ ಏರಿದ್ದವಂತೆ.

ಎಲ್ಲರಿಗೂ ಸಂತೋಷವೇ. ಒಬ್ಬರನ್ನು ಬಿಟ್ಟು. ಚಿಕ್ಕಮ್ಮನ ಅಣ್ಣ, ನನ್ನ ಸೋದರಮಾವ ವೀರಬಸಪ್ಪ. ಅವಳ ಮನೆಯ ಎದುರು ಮನೆಯಲ್ಲೇ ಇರುವವನು. ಅಷ್ಟು ವರ್ಷ ತಂಗಿಯ ಮನೆಗೆ ಅಕ್ಕಿ ಬೇಳೆ ಮುಗಿಯುವ ಮೊದಲೇ ತಂದು ಹಾಕಿದವನು. ಅವನು ಮಾತ್ರ, "ಈ ವಯಸ್ಸಲ್ಲಿ ಎಂತ ಮದುವೆ? ನಾನಂತೂ ಬರೋದಿಲ್ಲ" ಎಂದು ಜಗಲಿಯ ಮೇಲಿನಿಂದಲೇ ಹೇಳಿ, ರಸ್ತೆಗೆ ಬೆನ್ನು ಹಾಕಿ ಕೂತುಬಿಟ್ಟಿದ್ದ.

"ಮದುವೆ ವಿಡಿಯೋ ನೀನೇ ತೆಗೀಬೇಕು" ಅಂದಳು ಚಿಕ್ಕಮ್ಮ ಫೋನಿನಲ್ಲಿ.

"ಸ್ಟುಡಿಯೋದವರನ್ನ ಕರಿ ಚಿಕ್ಕಮ್ಮ. ನಾನು ತೆಗೆದದ್ದು ನೋಡೀಯಲ್ಲ."

"ಅವರು ಬ್ಯಾಡ ಮಾರಾಯ. ನಮ್ಮಿಬ್ಬರನ್ನೂ ಗದ್ದೆ ಬದುವಿನ ಮೇಲೆ ಕೈ ಕೈ ಹಿಡಿಸಿ ಓಡಿಸ್ತಾರೆ. ಮೇಷ್ಟ್ರಿಗೆ ಓಡೋದು ಅಭ್ಯಾಸ ಇದೆ, ನನಗೆ ಮೊಣಕಾಲು ನೋವು." ಆಮೇಲೆ ದನಿ ತಗ್ಗಿಸಿ ಮುಂದುವರಿಸಿದಳು: "ಅಣ್ಣ ಬರಲ್ಲ ಅಂದಿದಾನೆ. ಇವತ್ತಲ್ಲ ನಾಳೆ ವಿಡಿಯೋ ಆದ್ರೂ ನೋಡ್ತಾನೆ. ಅವಾಗ ಅವನಿಗೆ ನಾನು ಖುಷಿಯಾಗಿದೀನಿ ಅಂತ ಕಾಣ್ಬೇಕು. ನೀನು ತೆಗೆದ್ರೆ ಮೂಗೆಲ್ಲಿ ಕಿವಿಯೆಲ್ಲಿ ಅಂತ ಗೊತ್ತಾಗಲ್ಲ. ಅದಕ್ಕೆಂತಾದ್ರೂ ಒಂದು ಉಪಾಯ ಮಾಡು."

ಉಪಾಯ ಹುಡುಕಲು ಹೊರಟಾಗ ತಿಳಿದದ್ದು ಈ ಕಂಬಿಗಳ ವಿಷಯ. ಜೋಡಿ ಕಂಬಿ, ಅವುಗಳ ಮೇಲೊಂದು ತಟ್ಟೆ, ತಟ್ಟೆಯ ಮೇಲೆ ಕ್ಯಾಮೆರಾ. ಕಂಬಿಗಳ ಹಿಂತುದಿಗೆ ಭುಜಕ್ಕೆ ಒರಗುವ ಮೆತ್ತೆ, ಮುಂದೆ ಎರಡು ಹಿಡಿಕೆ. ಭಾರ ಕೈಯಿಂದ ಭುಜಕ್ಕೆ ದಾಟುವುದರಿಂದ ಚಿತ್ರ ನಡುಗುವುದಿಲ್ಲ. ನೇಗಿಲು ಹೊತ್ತುಕೊಂಡು ಹೋಗುವ ತತ್ವವೇ, ಕ್ಯಾಮೆರಾಕ್ಕೆ ಬಂದಿದೆ, ಅಷ್ಟೆ.

ಮೊದಲು ನಮ್ಮೂರ ಸ್ಟುಡಿಯೋದ ಮಂಜಣ್ಣನ ಹತ್ತಿರ ಹೋದೆ. ಅವನು ತನ್ನ ಕಂಬಿ ಸರಂಜಾಮು ತಂದು ನನ್ನ ಹೆಗಲಿಗೇರಿಸಿದ. ನಾನು ಒಂದು ಕಡೆ ವಾಲಿ ಅವನ ಬಣ್ಣದ ಪರದೆಯನ್ನು ಹಿಡಿದುಕೊಂಡೆ. ಅದರ ಮೇಲೆ ನನ್ನ ಕ್ಯಾಮೆರಾ ಇಟ್ಟಾಗ ಕರೆಂಟು ಕಂಬದ ಮೇಲೆ ಗುಬ್ಬಿ ಕೂತಂತೆ ಕಂಡಿತು. "ಇದು ದೊಡ್ಡ ಕ್ಯಾಮೆರಾದ್ದು. ನಿಮ್ದಕ್ಕೆ ಹಗುರದ್ದು ತಗೊಳ್ರಿ" ಅಂದ ಮಂಜಣ್ಣ. "ಆದ್ರೆ ಒಂದೇ ಕಡೆ ತಗೊಳ್ರಿ. ಉಳಿಸೋಕೆ ಹೋಗಿ ತುಂಡು ತುಂಡು ತಗೋಬೇಡ್ರಿ."

ವ್ಯಾಪಾರಿಗೆ ಇನ್ನೊಬ್ಬ ವ್ಯಾಪಾರಿ ಬುದ್ಧಿ ಹೇಳಿದರೆ ಹಿಡಿಸುತ್ತದೆಯೇ? ಮನೆಗೆ ಬಂದು ಮೊಬೈಲು ಹಿಡಿದು ಕೂತೆ. ಗಡ್ಡ ಬಿಟ್ಟ ಮಹಾಶಯರು ಒಬ್ಬರಾದ ಮೇಲೊಬ್ಬರು ಬಂದು, ಇದು ಬಡವರ ಪಾಲಿನ ಕಂಬಿ, ಇದಕ್ಕಿಂತ ಅಗ್ಗ ಭೂಮಿಯ ಮೇಲೆ ಇಲ್ಲ ಎಂದು ವಿವರಿಸಿದರು. ಆ ಬಡವರ ಕಂಬಿಯನ್ನು ಕೊಳ್ಳಬೇಕಾದರೆ ನಾನು ಮೊದಲು ಕ್ಯಾಮೆರಾ ಮಾರಬೇಕಿತ್ತು. ಇನ್ನೊಂದು ಪ್ಲಾಸ್ಟಿಕ್ಕಿನದು ನಿಜಕ್ಕೂ ಅಗ್ಗವಿತ್ತು. ಆದರೆ ಕೊಂಡವನೊಬ್ಬ ಅದರ ಕೆಳಗೆ 'ಪೆಟ್ಟಿಗೆ ಚೆನ್ನಾಗಿದೆ' ಎಂದಷ್ಟೇ ಬರೆದಿದ್ದ. ನಡುವಿನ ದಾರಿ ಅಲ್ಯೂಮಿನಿಯಮ್ಮಿನದು. ರಾತ್ರಿ ಊಟಕ್ಕೆ ಕರೆದರೂ ಏಳದೆ ಹೋಲಿಸಿ ಹೋಲಿಸಿ ನೋಡಿದೆ. ತಟ್ಟೆ ಮತ್ತು ಹಿಡಿಕೆ ಒಂದು ಕಡೆ ಅಗ್ಗ, ಕಂಬಿ ಇನ್ನೊಂದು ಕಡೆ ಅಗ್ಗ. ಎರಡನ್ನೂ ಬೇರೆ ಬೇರೆ ಕಡೆಯಿಂದ ತರಿಸಿದೆ. ಮಂಜಣ್ಣನಿಗೆ ಇಷ್ಟು ಹೊಳೆದಿಲ್ಲವಲ್ಲ ಎಂದು ಅವನ ಬಗ್ಗೆ ಮರುಕವಾಯಿತು.

ಎರಡೂ ಪೊಟ್ಟಣಗಳು ಬಂದ ದಿನ ಗಿರಿಜಾಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಬಿಚ್ಚಿದೆ. ಮಾಲು ಚೆನ್ನಾಗಿತ್ತು. ಕಂಬಿಯನ್ನು ತಟ್ಟೆಯ ತೂತಿಗೆ ಏರಿಸಿದೆ. ಅದು ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆಯಿಂದ ಸರ್ರನೆ ಹೊರಗೆ ಬಂದು ಗಿರಿಜಾಳ ಮಡಿಲಿಗೆ ಬಿತ್ತು. ಕಂಬಿ ಹದಿನೈದು ಮಿಲಿಮೀಟರಿನದು, ತೂತು ಹತ್ತೊಂಬತ್ತರದು. ಎರಡೂ ಅಳತೆಗಳು ಲೋಕದಲ್ಲಿ ಚಾಲ್ತಿಯಲ್ಲಿವೆಯಂತೆ. ಎರಡೂ ಪೆಟ್ಟಿಗೆಗಳ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು.

ಗಿರಿಜಾ ಕಂಬಿಯನ್ನು ನಿಧಾನವಾಗಿ ಎತ್ತಿಕೊಂಡಳು. ತನ್ನ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದಳು.

"ಅಳತೆ ತಂದೀರೇನ್ರಿ?" ಅಂದಳು.

ವಾಪಸು ಕಳಿಸೋಣವೆಂದರೆ ಬಿಚ್ಚಿದ ಮಾಲು ತೆಗೆದುಕೊಳ್ಳುವುದಿಲ್ಲವೆಂದು ಬರೆದಿತ್ತು. ನನ್ನ ಅಂಗಡಿಯಲ್ಲೂ ಅದೇ ಬೋರ್ಡು ಇದೆ, ಬೈಯುವ ಹಕ್ಕೂ ಉಳಿಯಲಿಲ್ಲ. ಕೊನೆಗೆ ಮೋಟರಿನ ರಬ್ಬರು ವಾಷರು ಕತ್ತರಿಸಿ ಸಂದಿಗೆ ತುರುಕಿ, ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಕಂಬಿಗೆ ಸುತ್ತಿ, ಸ್ಕ್ರೂ ಬಿಗಿದೆ. ಗಟ್ಟಿಯಾಗಿ ನಿಂತಿತು. ನಗುವುದೆಲ್ಲ ನಕ್ಕು ಮುಗಿಸಿದ ಗಿರಿಜಾ ಭುಜದ ಮೆತ್ತೆಗೆ ಹತ್ತಿ ತುಂಬಿ ಹೊಲಿದುಕೊಟ್ಟಳು. ಹಸಿರು ಹೂವಿನ ಬಟ್ಟೆ, ಹಳೆಯ ದಿಂಬಿನದು.

ಪರೀಕ್ಷೆ ಮಾಡಬೇಕಲ್ಲ. ತಾಳಗುಂದದ ಗಿರಾಕಿಯೊಬ್ಬರಿಗೆ ಮೋಟರು ತಲುಪಿಸಿ ಬರುವಾಗ ಮೆಕ್ಕೆಜೋಳದ ಹೊಲಗಳ ನಡುವೆ ಗಾಡಿ ನಿಲ್ಲಿಸಿದೆ. ಸರಂಜಾಮು ಹೆಗಲಿಗೇರಿಸಿ, ಒಂದು ಕಣ್ಣು ಮುಚ್ಚಿ, ಬದುವಿನ ಮೇಲೆ ನಿಧಾನವಾಗಿ ಹೆಜ್ಜೆ ಇಡುತ್ತ ಹೊರಟೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹೆಗಲ ಮೇಲೆ ಟವೆಲು ಹಾಕಿದ ಹಿರಿಯರೊಬ್ಬರು ಜೋಳದ ನಡುವಿಂದ ಹೊರಬಂದರು.

"ಅಂತೂ ಬಂದ್ರಲ್ರಿ ಸಾಹೇಬ್ರ! ಹದ್ದುಬಸ್ತಿಗೆ ಅರ್ಜಿ ಕೊಟ್ಟು ಕೊಟ್ಟು ಸಾಕಾಗಿತ್ತು."

ಜಮೀನಿನ ಗಡಿ ಅಳೆಯಲು ಬಂದ ಸರ್ವೆಯವನೆಂದು ನನ್ನನ್ನು ತಿಳಿದಿದ್ದರು. "ಅಲ್ರಿ ಯಜಮಾನ್ರ, ನಾನು ಪೈಪಂಗಡಿಯೋನು. ಸುಮ್ನೆ ನೋಡ್ತಿದ್ದೆ" ಅಂದೆ.

"ಸರ್ವೆಯೋರು ಬಂದಾಗೆಲ್ಲ ಸುಮ್ನೆ ನೋಡ್ಕೊಂಡೇ ಹೋಗ್ತಾರ್ರಿ. ಇವತ್ತು ಬಿಡಂಗಿಲ್ಲ. ಕಲ್ಲು ಎಲ್ಲೈತಿ ತೋರಿಸ್ತೀನಿ ಬರ್ರಿ."

ಅಷ್ಟರಲ್ಲಿ ಪಕ್ಕದ ಹೊಲದಿಂದ ಇನ್ನೊಬ್ಬರು ಪಂಚೆ ಎತ್ತಿಕೊಂಡು ಓಡಿ ಬಂದರು. "ಏ ನಿಲ್ರಿ! ನಾನಿಲ್ದಾಗ ಅಳತೆ ಮಾಡಂಗಿಲ್ಲ. ನಂದು ತಕರಾರು ಐತಿ!"

"ನಿಂದೇನಲೇ ತಕರಾರು? ಕಲ್ಲು ಸರಿಸಿದೋನು ನೀನು!"

"ಕಲ್ಲು ತಾನೇ ಸರಿದೈತಿ. ಮಳಿಗೆ ಮಣ್ಣು ಜರುಗ್ತೈತಿ, ನಿನಗೆ ಗೊತ್ತಿಲ್ಲೇನು?"

ಒಬ್ಬರು ನನ್ನ ಎಡಗಡೆಯ ಹಿಡಿಕೆ ಹಿಡಿದು ಎಳೆದರು, ಇನ್ನೊಬ್ಬರು ಬಲಗಡೆಯದನ್ನು. ಕಂಬಿ ಅಲುಗಲಿಲ್ಲವೆಂದು ನನಗೆ ಒಳಗೊಳಗೇ ಹೆಮ್ಮೆ. ಕೊನೆಗೆ ಹಿರಿಯರು ಎಳೆ ಜೋಳದ ತೆನೆಗಳನ್ನು ಮುರಿದು, "ಮನೀಗೆ ಒಯ್ರಿ ಸಾಹೇಬ್ರ" ಎಂದು ಕೊಡಲು ಬಂದರು. ನಾನು ಬೇಡವೆಂದೆ. ಕೂಡಲೇ ಅವರ ಮುಖ ಕಪ್ಪಿಟ್ಟಿತು. "ಅಂದ್ರ ಅವನು ಮೊದ್ಲೇ ಕೊಟ್ಟಾನ" ಅಂದರು. ಜಗಳ ಹೊಸದಾಗಿ ಶುರುವಾಯಿತು. ಎರಡೂ ಕಡೆಯ ತೆನೆಗಳನ್ನು ಸಮಸಮವಾಗಿ ಸ್ವೀಕರಿಸಿದ ಮೇಲೆಯೇ ನನ್ನನ್ನು ಬಿಟ್ಟದ್ದು. ಮನೆಗೆ ಬಂದು ನೋಡಿದರೆ, ಇಬ್ಬರ ಜಗಳವೂ ಕನ್ನಡಿಯಲ್ಲಿ ಕಂಡಂತೆ ನಿಶ್ಚಲವಾಗಿ ಮೂಡಿತ್ತು. ಬೈಗುಳ ಒಂದೊಂದೂ ಸ್ಫುಟ. ಗಿರಿಜಾ ತೆನೆ ಸುಡುತ್ತ, "ಪರವಾಗಿಲ್ರೀ" ಅಂದಳು. ಅವಳ ಬಾಯಲ್ಲಿ ಅದು ದೊಡ್ಡ ಬಿರುದು.

ಮದುವೆ ಚಿಕ್ಕಮ್ಮನ ಮನೆಯ ಪಡಸಾಲೆಯಲ್ಲೇ ನಡೆಯಿತು. ಪರಮೇಶ್ವರಪ್ಪನವರ ಹೆಣ್ಣುಮಕ್ಕಳು, ಅಳಿಯಂದಿರು, ನಾವು, ಅಕ್ಕಪಕ್ಕದವರು. ಎದುರು ಮನೆಯ ಬಾಗಿಲು ಮುಚ್ಚಿತ್ತು. ಚಿಕ್ಕಮ್ಮ ತಲೆ ಬಾಚಿಕೊಳ್ಳುವಾಗಲೂ, ಹೂ ಮುಡಿಯುವಾಗಲೂ ಕಿಟಕಿಯಿಂದ ಅತ್ತ ನೋಡುತ್ತಿದ್ದಳು. ಯಾರಾದರೂ ನೋಡಿದರೆ, "ಬಿಸಿಲು ಎಷ್ಟಿದೆ ನೋಡ್ದೆ" ಅನ್ನುತ್ತಿದ್ದಳು.

ಸರಂಜಾಮು ಹೊತ್ತು ನಾನು ಒಳಗೆ ಬಂದ ಕೂಡಲೇ ಜನ ಎದ್ದು ದಾರಿ ಬಿಟ್ಟರು. ಬರಿಯ ಕ್ಯಾಮೆರಾ ಹಿಡಿದಾಗ ಯಾರೂ ನನ್ನನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಎರಡು ಕಂಬಿ ಸೇರಿದ್ದೇ ತಡ, ಮಂತ್ರ ಹೇಳುತ್ತಿದ್ದ ಅಯ್ಯನವರು ಕೂಡ ಹೆಗಲ ಮೇಲಿನ ಶಾಲು ಸರಿಮಾಡಿಕೊಂಡು ನನ್ನ ಕಡೆಗೇ ಮುಖ ಮಾಡಿ ಮಂತ್ರ ಹೇಳತೊಡಗಿದರು. ಕಷ್ಟ ಕೊಟ್ಟವರು ಮದುಮಗ. ಕ್ಯಾಮೆರಾ ಕಂಡರೆ ಸಾಕು, ಎದೆ ಮುಂದೆ ಮಾಡಿ, ಹಿಮ್ಮಡಿ ಜೋಡಿಸಿ, ಕೈ ಕೆಳಗಿಳಿಸಿ ನಿಂತುಬಿಡುತ್ತಿದ್ದರು. "ಸ್ವಲ್ಪ ಆರಾಮಾಗಿ ನಿಲ್ಲಿ ಸರ್" ಅಂದೆ. ತಕ್ಷಣ ಕಾಲು ಅಗಲಿಸಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತರು. ಹಾರ ಹಾಕಲು ಬಂದ ಚಿಕ್ಕಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

ತಾಳಿ ಕಟ್ಟುವ ಹೊತ್ತು. ವಾಲಗದವರು ಜೋರು ಮಾಡಿದರು, ಎಲ್ಲರೂ ಅಕ್ಷತೆ ಹಿಡಿದು ಮುಂದೆ ಬಂದರು. ನಾನು ಕಂಬಿಯನ್ನು ಭುಜಕ್ಕೆ ಒತ್ತಿಕೊಂಡು ನಿಂತಿದ್ದೆ. ಕೈ ನಡುಗುವ ಚಿಂತೆ ಇರಲಿಲ್ಲ. ಆ ಪುಟ್ಟ ಪರದೆಯಲ್ಲಿ ಇಣುಕಿ ನೋಡುವ ಬದಲು, ಒಂದು ಸಲ ಕಣ್ಣಾರೆ ನೋಡೋಣ ಅನಿಸಿತು. ನೋಡಿದೆ. ಯಾರೋ ಎಸೆದ ಅಕ್ಷತೆ ಕಣ್ಣಿಗೇ ಬಿದ್ದು ಆಮೇಲೆ ಏನೂ ಕಾಣಲಿಲ್ಲ. ಕಣ್ಣುಜ್ಜಿ ಬಿಟ್ಟಾಗ ತಾಳಿ ಕಟ್ಟಿ ಆಗಿತ್ತು. ಆದರೇನು, ಕಂಬಿಯ ಮೇಲೆ ಕ್ಯಾಮೆರಾ ಇದೆಯಲ್ಲ ಎಂದು ಸಮಾಧಾನ.

ಮರುದಿನ ಬೆಳಿಗ್ಗೆ ಚಿಕ್ಕಮ್ಮ, ಪರಮೇಶ್ವರಪ್ಪನವರು, ಗಿರಿಜಾ, ನಾನು ಟಿ.ವಿ. ಮುಂದೆ ಕೂತೆವು. ಚಿತ್ರ ಬಂಡೆಯ ಹಾಗೆ ನಿಂತಿತ್ತು. ಚಿಕ್ಕಮ್ಮ ನನ್ನ ಬೆನ್ನು ತಟ್ಟಿದಳು. ತಾಳಿಯ ಹೊತ್ತು ಬಂತು. ಅಯ್ಯನವರು ಕೈ ಎತ್ತಿದರು. ಅಷ್ಟರಲ್ಲಿ ಚಿತ್ರ, ಬೇಸರ ಬಂದವರು ಮುಖ ತಿರುಗಿಸಿದ ಹಾಗೆ, ಮೆಲ್ಲಗೆ ಬಲಕ್ಕೆ ಹೊರಳಿತು. ಹೊರಳಿ ಕೆಳಗೆ ಬಗ್ಗಿತು. ಸೆಕೆಗೆ ವಾಷರು ಜಾರಿ, ಕ್ಯಾಮೆರಾ ಕೂತ ತಟ್ಟೆಯೇ ತಿರುಗಿಬಿಟ್ಟಿತ್ತು. ವಾಲಗ ಮೊಳಗುತ್ತಿದೆ, 'ಗಟ್ಟಿಮೇಳ' ಎಂಬ ಕೂಗು ಕೇಳುತ್ತಿದೆ, ಪರದೆಯ ತುಂಬ ಹಿತ್ತಿಲಿಗೆ ಹೋಗುವ ಪಕ್ಕದ ಬಾಗಿಲಿನ ಹೊಸ್ತಿಲು ಮತ್ತು ಕೆಂಪು ನೆಲ. ಅದೂ ಚೂರೂ ಅಲುಗದೆ.

ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. "ಚಿಕ್ಕಮ್ಮಾ..." ಎಂದು ಶುರು ಮಾಡಿದೆ.

"ತಡಿ" ಅಂದಳು ಅವಳು.

ಹೊಸ್ತಿಲ ಆಚೆಯಿಂದ ಎರಡು ಬರಿಗಾಲುಗಳು ಬಂದು ನಿಂತವು. ಎಡಗಾಲಿನ ಹೆಬ್ಬೆರಳು ಉಳಿದ ಬೆರಳುಗಳಿಂದ ಬೇರೆಯಾಗಿ, ಏನೋ ಹೇಳಲು ಎದ್ದವರಂತೆ ಮೇಲಕ್ಕೆ ನಿಂತಿತ್ತು. ಅಂಥ ಬೆರಳು ನಮ್ಮ ನೆಂಟರಲ್ಲಿ ಒಬ್ಬರಿಗೇ ಇರುವುದು.

"ಅಣ್ಣ" ಅಂದಳು ಚಿಕ್ಕಮ್ಮ.

ಎಲ್ಲರೂ ಮದುಮಕ್ಕಳ ಕಡೆ ನೋಡುತ್ತಿದ್ದ ಹೊತ್ತು. ಯಾರಿಗೂ ಕಂಡಿರಲಿಲ್ಲ. ಪರದೆಯಲ್ಲಿ ಒಂದು ಹಿಡಿ ಅಕ್ಷತೆ ಮೇಲಿನಿಂದ ಬಂದು, ಮದುಮಕ್ಕಳ ತನಕ ಹೋಗಲಾರದೆ ಆ ಕಾಲುಗಳ ಮುಂದೆಯೇ ಚೆಲ್ಲಿತು. ಕಾಲುಗಳು ಸ್ವಲ್ಪ ಹೊತ್ತು ಯೋಚಿಸಿದವು. ಆಮೇಲೆ ಒಂದು ಕೈ ಚಿತ್ರದೊಳಗೆ ಇಳಿದು ಬಂತು. ನೆಲದ ಮೇಲಿನ ಅಕ್ಕಿಕಾಳುಗಳನ್ನು ಒಂದೊಂದಾಗಿ ಹೆಕ್ಕಿ ಅಂಗೈಯಲ್ಲಿ ಕೂಡಿಸಿಕೊಂಡಿತು. ಕೈ ಮೇಲಕ್ಕೆ ಹೋಯಿತು. ಈ ಸಲ ಅಕ್ಷತೆ ಕೆಳಗೆ ಬೀಳಲಿಲ್ಲ. ಕಾಲುಗಳು ಹಿಂದಿರುಗಿ ಹಿತ್ತಿಲ ಕಡೆ ಹೋದವು.

ಪರಮೇಶ್ವರಪ್ಪನವರು ಕೆಮ್ಮಿದರು. ಗಿರಿಜಾ ನನ್ನನ್ನು ಬೈಯಲು ತೆರೆದ ಬಾಯನ್ನು ಮುಚ್ಚಿಕೊಂಡಳು. ಚಿಕ್ಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಯಾರೂ ಕಾಲಿನ ಸುದ್ದಿ ಎತ್ತಬೇಡಿ" ಎಂದು ಹೇಳಿ, ಚಪ್ಪಲಿ ಮೆಟ್ಟಿ ರಸ್ತೆ ದಾಟಿದಳು. ನಾವು ಕಿಟಕಿಗೆ ಕಿವಿಯಿಟ್ಟೆವು.

"ಹೋಳಿಗೆ ಉಳಿದಿದೆ. ಊಟಕ್ಕೆ ಬಾ."

"ನನಗೆ ಹಸಿವಿಲ್ಲ."

"ಹಸಿವಾದಾಗ ಬಾ."

ಅವಳು ಮನೆ ಮುಟ್ಟಿ ಎಲೆ ಹಾಕುವಷ್ಟರಲ್ಲಿ ಮಾವನಿಗೆ ಹಸಿವಾಗಿತ್ತು. ಒಗೆದ ಅಂಗಿ ಹಾಕಿಕೊಂಡು ಬಂದು, ಪರಮೇಶ್ವರಪ್ಪನವರ ಪಕ್ಕದ ಎಲೆಯ ಮುಂದೆ ಕೂತ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಪೈಪೋಟಿಗೆ ಬಿದ್ದವರಂತೆ ಕೋಸಂಬರಿ ಅಗಿದರು. ಕೊನೆಗೆ ಮಾವ ನನ್ನ ಕಡೆ ತಿರುಗಿದ.

"ವಿಡಿಯೋ ನೀನಂತೆ ತೆಗೆದಿದ್ದು. ಹೆಂಗೆ ಬಂದಿದೆ?"

"ಸುಮಾರಾಗಿ ಬಂದಿದೆ ಮಾವ. ತಾಳಿ ಕಟ್ಟಿದ್ದೊಂದು ಬಂದಿಲ್ಲ."

"ತಾಳಿ ಕಟ್ಟಿದ್ದೇ ಬಂದಿಲ್ವಾ?" ಮಾವ ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿದ. "ಎಂತ ತೆಗೆದೆ ಮತ್ತೆ? ಎಷ್ಟು ಚಂದ ಕಟ್ಟಿದ್ರು! ಮೂರನೇ ಗಂಟು ಹಾಕೋವಾಗ ಇವಳೇ ಜಡೆ ಪಕ್ಕಕ್ಕೆ ಸರಿಸಿ ಕೊಟ್ಲು. ನಗ್ತಾ ಇದ್ಲು ಕಣೋ..."

ಹೋಳಿಗೆಯ ತಟ್ಟೆ ಹಿಡಿದು ಬರುತ್ತಿದ್ದ ಚಿಕ್ಕಮ್ಮ ಅಲ್ಲೇ ನಿಂತಳು. ಮಾವ ಎಲೆಯ ಮೇಲಿನ ಉಪ್ಪನ್ನೇ ನೋಡಿದ. ಕಿವಿಯ ತನಕ ಕೆಂಪಾದ. ಆಮೇಲೆ ಯಾರ ಮೇಲೋ ಸಿಟ್ಟು ಬಂದವನಂತೆ ದನಿ ಏರಿಸಿ ಅಂದ:

"ಎಂತ ನೋಡ್ತಾ ನಿಂತಿದೀಯ? ಭಾವನೋರ ಎಲೆ ಖಾಲಿ ಇದೆ. ಹಾಕು."